ಐದು ಬಂದವಳ ಅಪ್ಪ

ಗಾರ್ಗಿಗೆ ಐದು ಬಂದಿದೆ ಎಂದು ಗಾರ್ಗಿಗಿಂತ ಮೊದಲು ಅವಳ ಅಪ್ಪ ವ್ಯಾಸರಾಜನಿಗೆ ಗೊತ್ತಾಯಿತು. ಜುಲೈ ತಿಂಗಳು, ಹೈಸ್ಕೂಲು ಮುಗಿದಾಗಿತ್ತು, ಹುಡುಗಿ ಇನ್ನೂ ಮುಸುಕು ಹೊದ್ದು ಮಲಗಿದ್ದಳು. ಅವಳ ಪಾಸ್‌ವರ್ಡು ಅಪ್ಪನ ಹತ್ತಿರ ಇತ್ತು. ಅಮೆರಿಕದಲ್ಲಿ ಮಕ್ಕಳ ಖಾಸಗಿತನವನ್ನು ಗೌರವಿಸಬೇಕು ಎಂದು ವ್ಯಾಸರಾಜ ಎಷ್ಟೋ ಸಲ ಬೇರೆಯವರಿಗೆ ಹೇಳಿದ್ದ.

"ಮೈಥಿಲೀ, ಫೈವ್ ಕಣೇ! ಕ್ಯಾಲ್ಕುಲಸ್‌ನಲ್ಲಿ ಫೈವು!" ಎಂದು ಅವನು ಮೆಟ್ಟಿಲ ಮೇಲಿಂದಲೇ ಕೂಗಿದ.

ಮೈಥಿಲಿ ಕೆಳಗೆ ದೋಸೆ ಹುಯ್ಯುತ್ತಿದ್ದಳು. "ಅವಳಿಗೆ ಹೇಳಿದ್ರಾ?"

ಅಷ್ಟರಲ್ಲಿ ಅವನು ಮೈಸೂರಿನ ಅಣ್ಣನಿಗೆ, ಆಫೀಸಿನ ಇಬ್ಬರಿಗೆ, ಕನ್ನಡ ಶಾಲೆಯ ವಾಟ್ಸಾಪ್ ಗುಂಪಿಗೆ ಹೇಳಿಯಾಗಿತ್ತು. ಮಗಳೊಬ್ಬಳು ಬಾಕಿ ಇದ್ದಳು.

ಈ ಐದರ ಮಹಿಮೆ ತಿಳಿಯದವರಿಗೆ ಒಂದು ಮಾತು. ಇಲ್ಲಿ ಎಪಿ ಎಂಬ ವ್ಯವಸ್ಥೆಯೊಂದಿದೆ. ಕಾಲೇಜಿನಲ್ಲಿ ಓದಬೇಕಾದ್ದನ್ನು ಹೈಸ್ಕೂಲಿನಲ್ಲೇ ನಿದ್ದೆಗೆಟ್ಟು ಓದಿ, ಕಾಲೇಜಿಗೆ ಹೋದ ಮೇಲೆ ಓದದೆ ತಪ್ಪಿಸಿಕೊಳ್ಳುವುದು. ಮೇ ತಿಂಗಳಲ್ಲಿ ಪರೀಕ್ಷೆ, ಹೆಚ್ಚೆಂದರೆ ಐದು ಅಂಕ. ಗಾರ್ಗಿ ಸೇರಲಿದ್ದ ಯೂನಿವರ್ಸಿಟಿಯಲ್ಲಿ ಐದು ಬಂದವರಿಗೆ ಮೊದಲೆರಡು ಕ್ಯಾಲ್ಕುಲಸ್ ಕೋರ್ಸುಗಳ ಕ್ರೆಡಿಟ್ಟು ಸಿಗುತ್ತಿತ್ತು. ಬೇಕಾದರೆ ನೇರವಾಗಿ ಮೂರನೆಯದಕ್ಕೆ, ಮಲ್ಟಿವೇರಿಯಬಲ್ ಎಂಬ ದೊಡ್ಡ ಹೆಸರಿನ ಕೋರ್ಸಿಗೆ, ಹೋಗಬಹುದು. ಬೇಡವಾದರೆ ಒಂದು ಕೋರ್ಸಿನ ಕ್ರೆಡಿಟ್ಟು ಬಿಟ್ಟುಕೊಟ್ಟು ಎರಡನೆಯದರಿಂದ ಶುರು ಮಾಡಬಹುದು. ಎರಡಕ್ಕೂ ಅವಕಾಶವಿದೆ ಎಂದು ಯೂನಿವರ್ಸಿಟಿಯ ವೆಬ್‌ಸೈಟು ಹೇಳುತ್ತಿತ್ತು. ವ್ಯಾಸರಾಜನ ಕಣ್ಣಿಗೆ ಅದರಲ್ಲಿ ಮೊದಲ ವಾಕ್ಯ ಮಾತ್ರ ಕಾಣಿಸಿತು.

ಗಣಿತದ ವಿಚಾರದಲ್ಲಿ ಅವನ ಮಾತಿಗೆ ತೂಕವಿತ್ತು. ಮೈಸೂರಿನಲ್ಲಿ ಪಿಯುಸಿ ಓದುವಾಗ ಅವನಿಗೆ ನೂರಕ್ಕೆ ನೂರು ಬಂದಿತ್ತು. ಆ ನೂರು ಅವನ ಜೊತೆ ಇಂಜಿನಿಯರಿಂಗ್ ಕಾಲೇಜಿಗೆ ಬಂತು, ಬೆಂಗಳೂರಿಗೆ ಬಂತು, ವೀಸಾ ಇಲ್ಲದೆ ಕ್ಯಾಲಿಫೋರ್ನಿಯಕ್ಕೂ ಬಂತು. ಈಗ ಐವತ್ತು ದಾಟಿದ್ದ ಅವನು ಫ್ರೀವೇ ಪಕ್ಕದ ಆಫೀಸ್ ಪಾರ್ಕೊಂದರಲ್ಲಿ ಡೈರೆಕ್ಟರು. ಬೆಳಗಿನಿಂದ ಸಂಜೆಯವರೆಗೆ ಮೀಟಿಂಗು. ಕೊನೆಯ ಸಲ ಇಂಟಿಗ್ರೇಷನ್ ಮಾಡಿದ್ದು ಯಾವಾಗ ಎಂದು ಅವನನ್ನು ಯಾರೂ ಕೇಳಿರಲಿಲ್ಲ. ಎರಡು ಕಂಪನಿಗಳನ್ನು ಒಂದು ಮಾಡಿ ಅರ್ಧ ಜನರನ್ನು ಮನೆಗೆ ಕಳಿಸುವುದಕ್ಕೂ ಇಂಟಿಗ್ರೇಷನ್ ಎನ್ನುತ್ತಾರಾದ್ದರಿಂದ, ಹೋದ ವರ್ಷವೇ ಮಾಡಿದ್ದ ಎಂದೂ ಹೇಳಬಹುದು.

ಭಾನುವಾರದ ಕನ್ನಡ ಶಾಲೆಗೆ ಗಾರ್ಗಿ ಹೋಗುವುದನ್ನು ಬಿಟ್ಟು ನಾಲ್ಕಾರು ವರ್ಷಗಳಾಗಿದ್ದವು. ಅವಳ ಅಪ್ಪ ಬಿಟ್ಟಿರಲಿಲ್ಲ. ಒಳಗೆ ಮಕ್ಕಳು ಒತ್ತಕ್ಷರ ತಿದ್ದುತ್ತಿರುವಾಗ ಅವನು ಹೊರಗೆ ಪಾರ್ಕಿಂಗ್ ಲಾಟಿನಲ್ಲಿ ಅಪ್ಪ ಅಮ್ಮಂದಿರನ್ನು ತಿದ್ದುತ್ತಿದ್ದ. ಯಾವ ಮಗುವನ್ನು ಯಾವ ಕ್ಲಾಸಿನಿಂದ ಯಾವ ಕ್ಲಾಸಿಗೆ ಹಾರಿಸಬೇಕು, ಯಾವ ಬೇಸಿಗೆಯಲ್ಲಿ ಯಾವ ಕೋಚಿಂಗು, ಎಲ್ಲಕ್ಕೂ ಅವನ ಬಳಿ ಉತ್ತರವಿತ್ತು. ಐದು ಬಂದ ಮೇಲಿನ ಭಾನುವಾರ ಅವನ ಸುತ್ತ ಎಂದಿಗಿಂತ ದೊಡ್ಡ ಗುಂಪು. ಮೂರನೇ ಕ್ಲಾಸಿನ ಹುಡುಗನ ತಂದೆ ಕುಶಲ್ ಎಂಬ ಯುವಕ ಕೈಯಲ್ಲಿ ಕಾಫಿ ಹಿಡಿದುಕೊಂಡು ಭಕ್ತಿಯಿಂದ ಕೇಳಿದ.

"ಸರ್, ಗಾರ್ಗಿ ಕಾಲೇಜಲ್ಲಿ ಮತ್ತೆ ಕ್ಯಾಲ್ಕುಲಸ್ ತಗೋಬೇಕಾ?"

"ಮತ್ತೆ ಯಾಕ್ರೀ? ತಿಂದ ಊಟಾನೇ ಇನ್ನೊಂದ್ಸಲ ಯಾರಾದ್ರೂ ತಿಂತಾರಾ? ಸೀದಾ ಮಲ್ಟಿವೇರಿಯಬಲ್."

ಗುಂಪು ತಲೆದೂಗಿತು. ಗಾರ್ಗಿಯ ಮೊದಲ ಕಾಲೇಜು ಕೋರ್ಸು ಹೀಗೆ ಪಾರ್ಕಿಂಗ್ ಲಾಟಿನಲ್ಲಿ ನಿಶ್ಚಯವಾಯಿತು. ಗಾರ್ಗಿ ಆ ಹೊತ್ತಿಗೆ ಮನೆಯಲ್ಲಿ ಸೀರಿಯಲ್ ತಿನ್ನುತ್ತಿದ್ದಳು.

ಕೋರ್ಸು ಆರಿಸುವ ವಾರ ಬಂತು. ಅಪ್ಪ ಲ್ಯಾಪ್‌ಟಾಪು ತಂದು ಡೈನಿಂಗ್ ಟೇಬಲ್ಲಿನ ಮೇಲೆ ಇಟ್ಟ. ಮಗಳು ಎದುರಿಗೆ ಕೂತು ಕಡ್ಡಿ ಮುರಿದ ಹಾಗೆ ಹೇಳಿದಳು, "ಅಪ್ಪಾ, ಐ ವಾಂಟ್ ಟು ಟೇಕ್ ದ ಸೆಕೆಂಡ್ ಒನ್."

"ಯಾವ ಸೆಕೆಂಡು?"

"ಸೆಕೆಂಡ್ ಕ್ಯಾಲ್ಕುಲಸ್. ಮಲ್ಟಿ ಆಮೇಲೆ."

ವ್ಯಾಸರಾಜನ ಮುಖ ಹರಳೆಣ್ಣೆ ಕುಡಿದಂತಾಯಿತು. "ಪುಟ್ಟೀ, ಆ ಕ್ರೆಡಿಟ್ಟು ನಿಂಗೆ ಬಂದಾಗಿದೆಯಮ್ಮ. ಬಂದಿರೋದನ್ನ ಯಾರಾದ್ರೂ ವಾಪಸ್ ಕೊಡ್ತಾರಾ? ಐದು ಬಂದಿದೆ ತಾನೇ?"

"ಐದು ಬಂತಪ್ಪಾ. ಮ್ಯಾಥ್ಸ್ ಬರ್ಲಿಲ್ಲ."

ಮೈಥಿಲಿ ಅಡುಗೆಮನೆಯಲ್ಲಿ ನಲ್ಲಿ ನಿಲ್ಲಿಸಿದಳು. ಈ ಮಾತು ಚೆನ್ನಾಗಿ ಕೇಳಿಸಬೇಕಿತ್ತು ಅವಳಿಗೆ.

"ಬರ್ಲಿಲ್ಲ ಅಂದ್ರೆ?"

"ಸ್ಕೂಲಲ್ಲಿ ಮಿಸ್ಟರ್ ಹ್ಯೂಜ್ ನಮಗೆ ಯಾವ ಪ್ರಾಬ್ಲಮ್‌ಗೆ ಯಾವ ಟ್ರಿಕ್ ಅಂತ ಹೇಳ್ಕೊಟ್ರು. ಐ ಆಮ್ ಗುಡ್ ಅಟ್ ಟ್ರಿಕ್ಸ್. ಬಟ್ ಯಾಕೆ ಅಂತ ಕೇಳಿದ್ರೆ ಐ ಹ್ಯಾವ್ ನೋ ಐಡಿಯಾ." ಅವಳು ಲ್ಯಾಪ್‌ಟಾಪು ತನ್ನ ಕಡೆ ತಿರುಗಿಸಿಕೊಂಡು ಒಂದು ಹಳೆಯ ಪ್ರಶ್ನೆಪತ್ರಿಕೆ ತೆಗೆದಳು. ಎರಡನೇ ಕೋರ್ಸಿನ ಹಿಂದಿನ ಫೈನಲ್ಲು. ಇದನ್ನು ಬಿಡಿಸಿ ನೋಡಿ, ಆರಾಮಾಗಿ ಬಂದರೆ ಮುಂದಕ್ಕೆ ಹೋಗಿ ಎಂದು ಯೂನಿವರ್ಸಿಟಿಯವರೇ ಹಾಕಿದ್ದರು. "ಇದ್ರಲ್ಲಿ ಅರ್ಧ ನಂಗೆ ಬರ್ಲಿಲ್ಲ."

"ಕೊಡಿಲ್ಲಿ," ಎಂದ ವ್ಯಾಸರಾಜ.

ಅವನು ಜೀವನದಲ್ಲಿ ಇಷ್ಟು ಚಿಕ್ಕ ಮಾತಿಗೆ ಇಷ್ಟು ದೊಡ್ಡ ಬೆಲೆ ತೆತ್ತದ್ದು ಅದೇ ಮೊದಲು. ಪತ್ರಿಕೆಯನ್ನು ಪ್ರಿಂಟ್ ಹಾಕಿಸಿದ. ಪೆನ್ಸಿಲ್ಲು ಚೂಪು ಮಾಡಿಸಿದ. ಇನ್ನೊಂದು ಲೋಟ ಕಾಫಿ ತರಿಸಿಕೊಂಡ. ಮೊದಲ ಪ್ರಶ್ನೆ ನೋಡಿ, ಇದು ಬರೀ ಲೆಕ್ಕ, ಆಮೇಲೆ ಮಾಡೋಣ ಎಂದ. ಎರಡನೆಯದನ್ನು ನೋಡಿ, ಇಲ್ಲಿಯವರು ಬರೆಯುವ ರೀತಿಯೇ ಬೇರೆ ಎಂದ. ಮೂರನೆಯದರಲ್ಲಿ ಬರೆಯುವ ರೀತಿಯ ತೊಂದರೆಯೂ ಇರಲಿಲ್ಲ, ಒಂದನೇ ಕ್ಲಾಸಿನ ಮಗುವೂ ಓದಬಹುದಾದ ಪ್ರಶ್ನೆ. ಒಂದು, ಅದಕ್ಕೆ ಎರಡರಲ್ಲೊಂದು ಪಾಲು ಸೇರಿಸಿ, ಅದಕ್ಕೆ ಮೂರರಲ್ಲೊಂದು, ನಾಲ್ಕರಲ್ಲೊಂದು, ಹೀಗೆ ಕೊನೆಯಿಲ್ಲದೆ ಕೂಡುತ್ತ ಹೋದರೆ ಮೊತ್ತ ಎಲ್ಲಾದರೂ ಹೋಗಿ ನಿಲ್ಲುತ್ತದೆಯೇ? ಯಾಕೆ?

"ಇದೇನ್ ಮಹಾ!" ಎಂದು ವ್ಯಾಸರಾಜ ಹಿಗ್ಗಿದ. "ಸೇರಿಸ್ತಾ ಇರೋದು ಚಿಕ್ಕದಾಗ್ತಾ ಆಗ್ತಾ ಸೊನ್ನೆಗೆ ಹೋಗ್ತಿದೆ. ಸೊನ್ನೆ ಸೇರಿಸಿದ್ರೆ ಏನ್ ಬೆಳೆಯುತ್ತೆ? ನಿಲ್ಲುತ್ತೆ."

ಗಾರ್ಗಿ ನಗಲಿಲ್ಲ. ಅಪ್ಪನ ಮೇಲಿನ ಪ್ರೀತಿಯಿಂದ ಎಂದೇ ಹೇಳಬೇಕು. "ನಿಲ್ಲಲ್ಲ ಅಪ್ಪಾ. ಇಟ್ ಗೋಸ್ ಟು ಇನ್ಫಿನಿಟಿ. ಅದು ಎಲ್ಲರೂ ಮಾಡೋ ಮಿಸ್ಟೇಕು."

"ಯಾಕೆ ನಿಲ್ಲಲ್ಲ?"

"ಅದೇ ನಂಗೂ ಗೊತ್ತಿಲ್ಲ. ಅದನ್ನ ಚೆಕ್ ಮಾಡೋ ಟೆಸ್ಟಿನ ಹೆಸರು ಮಾತ್ರ ಗೊತ್ತು. ದಟ್ಸ್ ವೈ ಐ ವಾಂಟ್ ಟು ಟೇಕ್ ದ ಕ್ಲಾಸ್."

ಮೈಥಿಲಿ ಟವೆಲ್ಲಿನಲ್ಲಿ ಕೈ ಒರೆಸಿಕೊಳ್ಳುತ್ತ ಬಂದು ಗಂಡನ ಪಕ್ಕ ನಿಂತಳು. "ರೀ, ನಿಮಗೆ ನೂರಕ್ಕೆ ನೂರು ಬಂದಿದ್ದು ಮ್ಯಾಥ್ಸಲ್ಲೇ ತಾನೇ?"

ವ್ಯಾಸರಾಜ ಪತ್ರಿಕೆಯನ್ನು ನಾಲ್ಕಾಗಿ ಮಡಚಿ, "ನಮ್ಮ ಸಿಲಬಸ್ಸು ಬೇರೆ," ಎಂದು ಹೇಳಿ ಹುಲ್ಲಿಗೆ ನೀರು ಹಾಯಿಸಲು ಹೋದ. ಹುಲ್ಲಿಗೆ ನೀರು ತಾನಾಗಿಯೇ ಹಾಯುತ್ತಿತ್ತು, ಅದಕ್ಕೆ ಟೈಮರ್ ಇತ್ತು. ಅವನು ಅಲ್ಲಿ ನಿಂತು, ಒಣಗಿ ಹಳದಿಯಾದ ದೂರದ ಗುಡ್ಡಗಳನ್ನು ನೋಡುತ್ತಿದ್ದಾಗ ಮಗಳು ಎರಡನೇ ಕೋರ್ಸಿಗೆ ಹೆಸರು ನೋಂದಾಯಿಸಿಕೊಂಡಳು.

ವಿಷಯ ಇಲ್ಲಿಗೇ ಮುಗಿಯಬೇಕಿತ್ತು. ಆದರೆ ಮರುದಿನ ವಸುಧಾಳ ಫೋನು ಬಂತು.

ವಸುಧಾ ಮಕ್ಕಳ ಡಾಕ್ಟರು. ಮೊದಲು ಇವರ ಪಕ್ಕದ ಬೀದಿಯಲ್ಲೇ ಇದ್ದವಳು, ದೊಡ್ಡ ಮನೆ ಬೇಕೆಂದು ಮಾರ್ಗನ್ ಹಿಲ್‌ಗೆ ಹೋಗಿ, ಈಗ ಮನೆಯಲ್ಲಿ ಇರುವುದಕ್ಕಿಂತ ಹೆಚ್ಚು ಹೊತ್ತು ಕಾರಿನಲ್ಲಿ ಇರುತ್ತಿದ್ದಳು. ಅವಳ ಮಗಳು ನವ್ಯಾ ಗಾರ್ಗಿಯ ಚಿಕ್ಕಂದಿನ ಗೆಳತಿ. ಅವಳಿಗೂ ಐದು, ಅವಳಿಗೂ ಅದೇ ಯೂನಿವರ್ಸಿಟಿ.

"ವ್ಯಾಸರಾಜ್ ಅವ್ರೇ, ನಿಮ್ಮ ಗಾರ್ಗಿ ಮ್ಯಾಥ್ಸ್ ಯಾವ್ದು ತಗೊಂಡ್ಳು?"

ಕನ್ನಡ ಶಾಲೆಯ ಅಷ್ಟೂ ಮುಖಗಳು ವ್ಯಾಸರಾಜನ ಕಣ್ಣೆದುರು ಬಂದವು. ಎರಡನೆಯದು ಎಂಬ ಪದ ಗಂಟಲಿನವರೆಗೆ ಬಂದು ಬಿಸಿತುಪ್ಪದಂತೆ ಅಲ್ಲೇ ನಿಂತಿತು.

"ಇನ್ಯಾವ್ದು? ಮಲ್ಟಿವೇರಿಯಬಲ್," ಎಂದುಬಿಟ್ಟ.

"ಹೌದಾ? ಸರಿ, ಇವ್ಳಿಗೂ ಹೇಳ್ತೀನಿ. ಇಬ್ರೂ ಜೊತೇಲಿದ್ರೆ ಚೆನ್ನಾಗಿರುತ್ತೆ," ಎಂದು ವಸುಧಾ ಫೋನಿಟ್ಟಳು.

ಸುಳ್ಳು ಹೇಳುವುದರಲ್ಲಿ ವ್ಯಾಸರಾಜನಿಗೆ ಅನುಭವವಿರಲಿಲ್ಲ. ಅನುಭವವಿದ್ದವನು, ಹೇಳಿದ್ದು ಎಷ್ಟು ದಿನ ಬಾಳುತ್ತದೆ ಎಂದಾದರೂ ಯೋಚಿಸುತ್ತಿದ್ದ. ಇವನೋ, ಬೆಳೆದ ಇಬ್ಬರು ಹುಡುಗಿಯರು, ದಿನವಿಡೀ ಮೆಸೇಜು ಮಾಡಿಕೊಳ್ಳುವವರು, ಒಂದೇ ಕ್ಯಾಂಪಸ್ಸಿನಲ್ಲಿ ಓದುತ್ತ, ಒಬ್ಬರು ಯಾವ ಕ್ಲಾಸಿನಲ್ಲಿದ್ದಾರೆಂದು ಇನ್ನೊಬ್ಬರಿಗೆ ತಿಳಿಯದು ಎಂದು ನಂಬಿಕೊಂಡ. ಡೈರೆಕ್ಟರಾದವನಿಗೆ ಇಷ್ಟು ದೂರದೃಷ್ಟಿ ಸಾಕು.

ಆಗಸ್ಟಿನ ಕೊನೆಗೆ ಕಾಲೇಜು ಶುರುವಾಯಿತು. ಮಗಳನ್ನು ಹಾಸ್ಟೆಲಿನಲ್ಲಿ ಬಿಟ್ಟು ಬಂದರು. ಮೈಥಿಲಿ ದಾರಿಯುದ್ದಕ್ಕೂ ಅತ್ತಳು, ವ್ಯಾಸರಾಜ ದಾರಿಯುದ್ದಕ್ಕೂ ಟ್ರಾಫಿಕ್ಕನ್ನು ಬೈದ. ಸೆಪ್ಟೆಂಬರಿನ ಮೊದಲ ಸೋಮವಾರ ಬರುವ ಲೇಬರ್ ಡೇ ರಜೆಗೆ ಗಾರ್ಗಿ ಬಾರ್ಟ್ ರೈಲಿನಲ್ಲಿ ಮನೆಗೆ ಬಂದಳು. ಅಪ್ಪನೇ ಸ್ಟೇಷನ್ನಿಗೆ ಹೋದ. ಒಗೆಯುವ ಬಟ್ಟೆಯ ಚೀಲವನ್ನು ಹಿಂದಿನ ಸೀಟಿಗೆ ಎಸೆದು ಅವಳು ಮುಂದೆ ಕೂತಳು. ಮುಖದಲ್ಲಿ ಕಳೆ ಇತ್ತು.

"ಅಪ್ಪಾ, ಅದು ಯಾಕೆ ನಿಲ್ಲಲ್ಲ ಅಂತ ಗೊತ್ತಾಯ್ತು."

"ಯಾವ್ದು?"

"ಆ ಸಮ್ಮು. ಒಂದು, ಅರ್ಧ, ಮೂರರಲ್ಲೊಂದು. ನೋಡು. ಮೂರರಲ್ಲೊಂದು ಮತ್ತೆ ನಾಲ್ಕರಲ್ಲೊಂದು ಸೇರಿಸಿದ್ರೆ ಅರ್ಧಕ್ಕಿಂತ ಜಾಸ್ತಿ, ರೈಟ್? ಅದರ ನೆಕ್ಸ್ಟ್ ನಾಲ್ಕು ಸೇರಿಸಿದ್ರೆ ಮತ್ತೆ ಅರ್ಧಕ್ಕಿಂತ ಜಾಸ್ತಿ. ಅದರ ನೆಕ್ಸ್ಟ್ ಎಂಟು, ಮತ್ತೆ ಅರ್ಧ. ಪ್ರತಿ ಸಲ ಇನ್ನೊಂದು ಅರ್ಧ ಸಿಗ್ತಾನೇ ಇರುತ್ತೆ. ಸೋ ಹೌ ಕ್ಯಾನ್ ಇಟ್ ಸ್ಟಾಪ್?"

ಅವಳು ಹಿಂದೆಂದಾದರೂ ಇಷ್ಟೊಂದು ಕನ್ನಡವನ್ನು ಒಂದೇ ಉಸಿರಿನಲ್ಲಿ ಆಡಿದ್ದು ವ್ಯಾಸರಾಜನಿಗೆ ನೆನಪಿರಲಿಲ್ಲ. ಹಸಿರು ಸಿಗ್ನಲ್ಲು ಬಂದರೂ ಅವನು ಹೊರಡಲಿಲ್ಲ. ಮನಸ್ಸಿನಲ್ಲೇ ಗುಂಪು ಕಟ್ಟಿ ಕೂಡಿ ನೋಡಿದ. ಹೌದು. ಇಷ್ಟೇ. ಪಿಯುಸಿಯಲ್ಲಿ ಇದನ್ನು ಯಾರೂ ಅವನಿಗೆ ಹೇಳಿರಲಿಲ್ಲ, ಅಥವಾ ಹೇಳಿದಾಗ ಅವನು ನೂರು ತೆಗೆಯುವ ಗಡಿಬಿಡಿಯಲ್ಲಿದ್ದ. ಹಿಂದಿನ ಕಾರು ಹಾರ್ನ್ ಮಾಡಿತು. ಅವನಿಗೆ ನಿಜವಾಗಿಯೂ ಖುಷಿಯಾಗಿತ್ತು. ಮಗಳು ಸರಿಯಾದ ಕ್ಲಾಸಿನಲ್ಲೇ ಇದ್ದಾಳೆ ಎಂದು ಅನಿಸಿತ್ತು. ಅದನ್ನು ಬಾಯಿಬಿಟ್ಟು ಹೇಳುವಷ್ಟರಲ್ಲಿ ಮಗಳೇ ಮತ್ತೆ ಬಾಯಿ ತೆರೆದಳು.

"ಅಪ್ಪಾ, ವಸುಧಾ ಆಂಟಿಗೆ ನಾನು ಮಲ್ಟೀಲಿ ಇದೀನಿ ಅಂತ ಹೇಳಿದ್ಯಾ?"

ವ್ಯಾಸರಾಜ ಕನ್ನಡಿ ಸರಿಮಾಡಿಕೊಂಡ. "ಹಾಗೇ ಮಾತಿಗೆ..."

"ನವ್ಯಾ ಫಸ್ಟ್ ಡೇ ನಂಗೆ ಸೀಟ್ ಹಿಡಿದು ಕೂತಿದ್ಳಂತೆ. ಎಲ್ಲಿದೀಯ ಅಂತ ಟೆಕ್ಸ್ಟ್ ಮಾಡಿದ್ಳು. ಐ ವಾಸ್ ಸೋ ಎಂಬ್ಯಾರಸ್ಡ್." ಅವಳು ಅಪ್ಪನ ಕಡೆ ತಿರುಗಿದಳು. "ನಾನು ಆ ಕ್ಲಾಸ್ ತಗೊಂಡಿದ್ದು ನಿಂಗೆ ಅಷ್ಟು ಶೇಮಾ?"

"ಛೇ, ಹಾಗಲ್ಲ ಪುಟ್ಟಿ."

"ಕ್ಲಾಸ್ ಚೇಂಜ್ ಮಾಡೋಕೆ ಇನ್ನೂ ಸ್ವಲ್ಪ ದಿನ ಇದೆ. ನವ್ಯಾಗೆ ಕಷ್ಟ ಆಗ್ತಿದ್ರೆ? ನೀನು ಹೇಳಿದ್ದಕ್ಕೆ ಅವ್ಳು ತಗೊಂಡಿದ್ರೆ? ಯೂ ಟೆಲ್ ಆಂಟಿ. ಇಲ್ಲಾಂದ್ರೆ ಐ ವಿಲ್."

ಆ ರಜೆಯಲ್ಲಿ ವ್ಯಾಸರಾಜನಿಗೆ ಊಟ ಸೇರಲಿಲ್ಲ. ನವ್ಯಾ ಫೇಲಾಗುವುದು, ಮನನೊಂದು ಕಾಲೇಜು ಬಿಡುವುದು, ವಸುಧಾ ಕನ್ನಡ ಶಾಲೆಯ ಎದುರು ನಿಂತು ಅವನ ಕಡೆ ಬೊಟ್ಟು ಮಾಡುವುದು, ಎಲ್ಲವೂ ಕಣ್ಣಿಗೆ ಕಟ್ಟಿದವು. ತನ್ನ ಒಂದು ಮಾತಿಗೆ ಒಂದು ಜೀವದ ದಾರಿಯನ್ನೇ ತಪ್ಪಿಸುವ ಶಕ್ತಿಯಿದೆಯಲ್ಲ ಎಂದು ಅವನು ನಡುಗಿದ. ನಡುಕದ ಒಳಗೆ ಎಲ್ಲೋ ಒಂದು ಚೂರು ಹೆಮ್ಮೆಯೂ ಇದ್ದಂತಿತ್ತು, ಆದರೆ ಅದನ್ನು ಅವನು ಪಶ್ಚಾತ್ತಾಪವೆಂದೇ ತಿಳಿದುಕೊಂಡ.

"ಇದು ಫೋನಲ್ಲಿ ಹೇಳೋ ಮಾತಲ್ಲ," ಎಂದು ಸೋಮವಾರ ಮಾರ್ಗನ್ ಹಿಲ್‌ಗೆ ಹೊರಟ. ಮೈಥಿಲಿಯೂ ಜೊತೆಗೆ ಹೊರಟಳು. ಗಂಡನಿಗೆ ಧೈರ್ಯ ತುಂಬಲು ಎಂದು ಅವಳು ಹೇಳಿದಳು. ನಿಜವೆಂದರೆ ಅವನು ತಪ್ಪೊಪ್ಪಿಕೊಳ್ಳುವುದನ್ನು ನೋಡುವ ಅವಕಾಶ ತಪ್ಪಿಸಿಕೊಳ್ಳಲು ಅವಳಿಗೆ ಮನಸ್ಸಿರಲಿಲ್ಲ. ಬರಿಗೈಲಿ ಹೋಗಬಾರದೆಂದು ಒಂದು ಡಬ್ಬಿ ಕೋಡುಬಳೆ ಕಟ್ಟಿಕೊಂಡಳು.

ವಸುಧಾ ಬಾಗಿಲು ತೆರೆದು, "ಅರೆ, ಇಷ್ಟು ದೂರ! ಏನ್ ವಿಶೇಷ?" ಎಂದಳು. ವ್ಯಾಸರಾಜ ಕೂತು ಮೊದಲು ಹವಾಮಾನದ ವಿಷಯ ತೆಗೆದ. ಆಮೇಲೆ ಫ್ರೀವೇ. ಆಮೇಲೆ ಹಿತ್ತಲಿನ ನಿಂಬೆಗಿಡ ಹೊಗಳಿದ. ಆಮೇಲೆ ಮನುಷ್ಯ ಎಂದ ಮೇಲೆ ತಪ್ಪುಗಳು ಆಗುತ್ತವೆ ಎಂದು ವೇದಾಂತಕ್ಕೆ ಇಳಿದ. ವಸುಧಾಳ ಮುಖದಲ್ಲಿ ಗಾಬರಿ ಕಾಣಿಸಿಕೊಂಡಿತು.

"ಆರೋಗ್ಯ ಎಲ್ಲಾ ಸರಿ ಇದೆ ತಾನೇ?" ಎಂದು ಅವಳು ಮೈಥಿಲಿಯ ಕಡೆ ನೋಡಿದಳು.

"ಆರೋಗ್ಯಕ್ಕೇನಾಗಿಲ್ಲ," ಎಂದಳು ಮೈಥಿಲಿ. "ಹೇಳ್ರೀ, ಪಾಪ, ಅವರಿಗೆ ಡ್ಯೂಟಿ ಇರತ್ತೆ."

ವ್ಯಾಸರಾಜ ಕಣ್ಣು ಮುಚ್ಚಿಕೊಂಡು ಹೇಳಿಬಿಟ್ಟ. "ವಸುಧಾ ಅವರೇ, ಗಾರ್ಗಿ ಮಲ್ಟಿವೇರಿಯಬಲ್ ತಗೊಂಡಿಲ್ಲ. ಎರಡನೇದೇ ತಗೊಂಡಿದ್ದು. ನಾನು ನಿಮಗೆ ಸುಳ್ಳು ಹೇಳಿದೆ."

"ಓ, ಅದಾ?" ಎಂದಳು ವಸುಧಾ. "ಗೊತ್ತು. ನವ್ಯಾ ಮೊದಲ್ನೇ ದಿನಾನೇ ಹೇಳಿದ್ಳಲ್ಲ."

"ಮತ್ತೆ ನೀವು ಫೋನ್ ಮಾಡ್ಲೇ ಇಲ್ಲ?"

"ಮಾಡಿ ಏನ್ ಕೇಳ್ಲಿ? ನೀವೇ ಯಾವತ್ತು ಹೇಳ್ತೀರೋ ನೋಡೋಣ ಅಂತ ಸುಮ್ನಿದ್ದೆ."

ವ್ಯಾಸರಾಜ ಕೈ ಜೋಡಿಸಿದ. "ನವ್ಯಾಗೆ ಇನ್ನೂ ಟೈಮ್ ಇದೆ. ಎರಡನೇದಕ್ಕೆ ಇಳಿದುಬಿಡ್ಲಿ. ನನ್ನ ಮಾತು ಕೇಳಿ ಆ ಹುಡುಗಿ..."

ವಸುಧಾ ನಗಲು ಶುರು ಮಾಡಿದಳು. ಮಕ್ಕಳಿಗೆ ಚುಚ್ಚುಮದ್ದು ಕೊಡುವಾಗ ನಗುವಂಥ ನಗುವಲ್ಲ, ಹೊಟ್ಟೆ ಹಿಡಿದುಕೊಂಡು ನಗುವ ನಗು. "ನಿಮ್ಮ ಮಾತು ಕೇಳಿ ತಗೊಂಡ್ಳು ಅಂದ್ಕೊಂಡ್ರಾ? ಅಯ್ಯೋ, ಅವ್ಳು ನನ್ನ ಮಾತೇ ಕೇಳಲ್ಲ! ಅದೆಂಥದೋ ಹಳೇ ಪೇಪರ್ ಇತ್ತಂತಲ್ಲ, ಅದನ್ನ ಜುಲೈನಲ್ಲೇ ಬಿಡಿಸಿ ನೋಡಿ, ಎಲ್ಲಾ ಬಂತು ಅಂತ ಆಗ್ಲೇ ಸೇರ್ಕೊಂಡಿದ್ಳು. ನಾನು ಫೋನ್ ಮಾಡಿದ್ದು ಗಾರ್ಗಿ ಜೊತೆಗಿರ್ತಾಳಾ ಅಂತ ತಿಳ್ಕೊಳ್ಳೋಕೆ ಅಷ್ಟೇ."

"ಅಂದ್ರೆ ನಾನು ಹೇಳಿದ್ದಕ್ಕಲ್ಲ?"

"ಅಲ್ವೇ ಅಲ್ಲ. ಕೋಡುಬಳೆ ತುಂಬಾ ಚೆನ್ನಾಗಿದೆ ಮೈಥಿಲಿ, ಬೆಣ್ಣೆ ಹಾಕಿದ್ದೀರಾ?"

ಮಾತು ಕೋಡುಬಳೆಯ ಕಡೆ ಹೋಯಿತು, ವಾಪಸ್ಸು ಬರಲಿಲ್ಲ. ವ್ಯಾಸರಾಜನನ್ನು ಯಾರೂ ಬೈಯಲಿಲ್ಲ, ಯಾರೂ ಕ್ಷಮಿಸಲೂ ಇಲ್ಲ. ಕ್ಷಮಿಸುವಷ್ಟು ದೊಡ್ಡದು ಏನೂ ಆಗಿರಲಿಲ್ಲವಲ್ಲ. ಸುಳ್ಳು ಸಿಕ್ಕಿಬಿದ್ದದ್ದನ್ನು ಅವನು ಹೇಗೋ ತಡೆದುಕೊಂಡಿದ್ದ. ಅಷ್ಟು ಕಷ್ಟಪಟ್ಟು ಹೇಳಿದ ಸುಳ್ಳು ಯಾರ ಮೇಲೂ ಒಂದಿಷ್ಟೂ ಪರಿಣಾಮ ಮಾಡಿರಲಿಲ್ಲ ಎಂಬುದನ್ನು ತಡೆದುಕೊಳ್ಳುವುದು ಕಷ್ಟವಾಯಿತು. ಇಷ್ಟು ವರ್ಷ ಪಾರ್ಕಿಂಗ್ ಲಾಟಿನಲ್ಲಿ ತಲೆದೂಗಿದವರಲ್ಲಿ ಎಷ್ಟು ಜನ ಮನೆಗೆ ಹೋಗಿ ಅವನು ಹೇಳಿದ ಹಾಗೆ ಮಾಡಿದ್ದರು? ಈ ಪ್ರಶ್ನೆ ಸ್ಯಾನ್ ಹೋಸೆ ದಾಟುವಾಗ ಅವನ ತಲೆಗೆ ಬಂತು. ಮೈಥಿಲಿ ಕಿಟಕಿಯ ಕಡೆ ತಿರುಗಿ ಕೂತಿದ್ದಳು, ಭುಜ ಮಾತ್ರ ಕುಲುಕುತ್ತಿತ್ತು.

"ನಗು, ನಗು," ಎಂದ ವ್ಯಾಸರಾಜ.

"ನಗ್ತಿಲ್ಲಪ್ಪ," ಎಂದಳು ಅವಳು, ಕಣ್ಣೊರೆಸಿಕೊಳ್ಳುತ್ತ.

ಮನೆಗೆ ಬಂದು ಮಗಳಿಗೆ ನಡೆದದ್ದನ್ನೆಲ್ಲ ಹೇಳಿದ. ಅವಳು ಅಪ್ಪನನ್ನು ಒಮ್ಮೆ ತಬ್ಬಿಕೊಂಡು, "ಥ್ಯಾಂಕ್ಸ್ ಅಪ್ಪಾ, ದಟ್ ವಾಸ್ ಬ್ರೇವ್," ಎಂದಳು. ಆ ಇಡೀ ವ್ಯವಹಾರದಲ್ಲಿ ಅವನಿಗೆ ದಕ್ಕಿದ್ದು ಅದೊಂದು. ಅದು ಸಾಲದು ಎಂದು ಅವನಿಗೂ ಅನಿಸಲಿಲ್ಲ.

ಸೆಮಿಸ್ಟರು ಮುಗಿಯಿತು. ನವ್ಯಾ ಮಲ್ಟಿವೇರಿಯಬಲ್ಲಿನಲ್ಲಿ ಏದುಸಿರು ಬಿಟ್ಟುಕೊಂಡೇ ಒಳ್ಳೆಯ ಗ್ರೇಡು ತೆಗೆದಳು. ಗಾರ್ಗಿಗೆ ಎ ಬರಲಿಲ್ಲ, ಎ ಮೈನಸ್ಸು ಬಂತು. ಈ ಸಲ ರಿಸಲ್ಟನ್ನು ಅವಳೇ ಫೋನ್ ಮಾಡಿ ಹೇಳಿದಳು, ಕಾಲೇಜಿಗೆ ಹೋದ ದಿನವೇ ಪಾಸ್‌ವರ್ಡು ಬದಲಾಯಿಸಿದ್ದಳು. ಫೋನು ಸ್ಪೀಕರಿನಲ್ಲಿತ್ತು.

"ಮುಂದಿನ ಸೆಮಿಸ್ಟರು ಮಲ್ಟಿ ತಾನೇ?" ಎಂದು ವ್ಯಾಸರಾಜ ಆದಷ್ಟು ಮೆತ್ತಗೆ ಕೇಳಿದ.

"ಇಲ್ಲಪ್ಪಾ, ಅದು ನೆಕ್ಸ್ಟ್ ಇಯರ್ ಫಾಲ್ ಸೆಮಿಸ್ಟರಲ್ಲಿ. ಈ ಸ್ಪ್ರಿಂಗಲ್ಲಿ ಜಿಯಾಲಜಿ ತಗೋತಿದೀನಿ. ಇಟ್ ಸೌಂಡ್ಸ್ ಫನ್."

ಮೈಥಿಲಿ ಗಂಡನ ಮುಖ ನೋಡಿದಳು. ವ್ಯಾಸರಾಜ ಗೋಡೆ ನೋಡಿದ, ಸೂರು ನೋಡಿದ, ಕೊನೆಗೆ, "ಆಯ್ತಮ್ಮ, ನಿಂಗೆ ಇಷ್ಟ ಆಗಿದ್ದು ತಗೋ," ಎಂದ. ಫೋನಿಟ್ಟ ಮೇಲೆ ಮೈಥಿಲಿ ಬಂದು ಅವನ ಹಣೆ ಮುಟ್ಟಿ ನೋಡಿದಳು. ಜ್ವರವಿರಲಿಲ್ಲ.

ಮರುದಿನ ಮಧ್ಯಾಹ್ನ ಆಫೀಸಿನ ಕೆಫೆಟೇರಿಯದಲ್ಲಿ ವ್ಯಾಸರಾಜ ಒಂದು ಟೇಬಲ್ಲಿನ ತುದಿಯಲ್ಲಿ ಕೂತು, ಭೂಕಂಪದ ಬಿರುಕಿನ ಮೇಲೆ ಮನೆ ಕಟ್ಟಿಕೊಂಡಿರುವ ನಮ್ಮಂಥ ಊರಿನಲ್ಲಿ ಕಲ್ಲು ಮಣ್ಣು ಓದಿದವರಿಗೆ ಮುಂದಿನ ದಿನಗಳಲ್ಲಿ ಎಂಥ ಸ್ಕೋಪು ಇದೆ, ದೂರದೃಷ್ಟಿಯಿರುವ ತಂದೆ ತಾಯಿಗಳು ಮಕ್ಕಳನ್ನು ಈಗಲೇ ಹೇಗೆ ಅತ್ತ ತಿರುಗಿಸಬೇಕು ಎಂದು ವಿವರಿಸುತ್ತಿದ್ದ. ಸುತ್ತ ಕೂತವರು ಅನ್ನಕ್ಕೆ ಸಾಂಬಾರು ಕಲಸಿಕೊಳ್ಳುತ್ತ ತಲೆದೂಗುತ್ತಿದ್ದರು.